ಅಕ್ಕಯ್ಯಗಳ ಮಡು ಕಾಯ್ದ ಪಾಪಕ್ಕ

ಪಾಪಕ್ಕ ತನ್ನ ಐವತ್ತೆಂಟು ವರ್ಷದ ಬಾಳಿನಲ್ಲಿ ಸರ್ಕಾರದವರಿಗೆ ಹೇಳಿದ ಸುಳ್ಳು ಒಂದೇ. ಅದನ್ನೂ ಆಕೆ ಸುಳ್ಳೆಂದುಕೊಂಡು ಹೇಳಲಿಲ್ಲ. ದೇವರಿಗೆ ಕೊಟ್ಟ ಮಾತು ನಡೆಸಿದ ಹಾಗೆ ಹೇಳಿದಳು. ಬಂದವರು ಜೀಪು ಹತ್ತಿ ಹೋದ ಮೇಲೆ, ದೊಡ್ಡ ಕೆಲಸವೊಂದು ಮುಗಿಯಿತೆಂದು ನಿಟ್ಟುಸಿರು ಬಿಟ್ಟು, ಒಲೆ ಹಚ್ಚಿ ಮುದ್ದೆಗೆ ಹಿಟ್ಟು ತೊಳಸಲು ಕೂತಳು.

ನೆಲಮಂಗಲ ದಾಟಿ ಶಿವಗಂಗೆ ಬೆಟ್ಟದ ಕಡೆ ಹೋಗುವಾಗ ಟಾರು ರಸ್ತೆ ಬಿಟ್ಟು ಮಣ್ಣಿನ ದಾರಿಗೆ ಇಳಿದರೆ ಕಲ್ಲುಗುಡ್ಡೆ ದೊಡ್ಡಿ ಸಿಗುತ್ತದೆ. ಇಪ್ಪತ್ತೆರಡು ಮನೆಗಳ, ಇರುಳಿಗ ಬುಡಕಟ್ಟಿನವರ ಹಟ್ಟಿ ಅದು. ಹಟ್ಟಿಯ ಕೆಳಗೆ ಒಂದು ಹಳ್ಳ ಹರಿದು ಮುಂದೆ ಕುಮುದ್ವತಿ ನದಿಗೆ ಸೇರುತ್ತದೆ. ಸೇರುತ್ತದೆ ಎನ್ನುವುದು ಮಳೆಗಾಲದ ಮಾತು. ಶಿವರಾತ್ರಿ ಕಳೆಯಿತೆಂದರೆ ಹಳ್ಳವೆಲ್ಲ ಮರಳು, ಮರಳಿನ ಮೇಲೆ ಕುರಿ ಹಿಕ್ಕೆ. ಆದರೆ ಹಟ್ಟಿಯ ಬುಡದಲ್ಲಿ, ಎರಡು ಬಂಡೆಗಳು ಒಂದಕ್ಕೊಂದು ಒರಗಿದ ಜಾಗದಲ್ಲಿ ಒಂದು ಮಡು ಇತ್ತು. ಎಂಥ ಬೇಸಿಗೆಯಲ್ಲೂ ಅದು ಬತ್ತಿದ್ದನ್ನು ಕಂಡವರಿಲ್ಲ. ಅದರ ದಂಡೆಯಲ್ಲಿ ಅರಿಶಿನ ಬಳಿದ ಏಳು ಕಲ್ಲುಗಳು. ಏಳು ಮಂದಿ ಅಕ್ಕಯ್ಯಗಳು ಎಂದು ಹಟ್ಟಿಯವರು ಕೈಮುಗಿಯುತ್ತಾರೆ. ಮಡುವನ್ನು ನೋಡಿಕೊಳ್ಳುವ ಕೆಲಸ ಪಾಪಕ್ಕನ ತಾಯಿಯ ಕಡೆಯಿಂದ ಬಂದದ್ದು. ತಾಯಿಯ ನಂತರ ಮಗಳು, ಆಮೇಲೆ ಅವಳ ಮಗಳು.

ಜೀಪು ಬಂದದ್ದು ಮೂರು ವರ್ಷದ ಹಿಂದೆ, ಶಿವರಾತ್ರಿಯಾದ ವಾರಕ್ಕೆ. ಇಳಿದವರಲ್ಲಿ ಒಬ್ಬ ನಂದಕುಮಾರ್, ನೀರಿನ ಯೋಜನೆಯ ಎಂಜಿನಿಯರು. ಇನ್ನೊಬ್ಬರು ಕೆಳಗಿನ ಊರಿನ ಗೌಡರು, ಚಿಕ್ಕವೆಂಕಟಪ್ಪ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿ ಮಾಡಿ ಕೊಳವೆಯಲ್ಲಿ ಈ ಕಡೆಯ ಒಂಬತ್ತು ಊರಿನ ಕೆರೆಗಳಿಗೆ ತುಂಬಿಸಬೇಕು, ಹೆಚ್ಚಾದ ನೀರು ನಿಲ್ಲಲು ಹಳ್ಳಕ್ಕೊಂದು ಕಟ್ಟೆ ಹಾಕಬೇಕು ಎಂದು ಆಗ ಓಡಾಟ ನಡೆದಿತ್ತು. ಆ ಓಡಾಟದಲ್ಲಿ ಚಿಕ್ಕವೆಂಕಟಪ್ಪನವರು ಮುಂದು. ಅವರ ಊರಿನಲ್ಲಿ ಸಾವಿರದ ಮುನ್ನೂರು ಅಡಿ ಕೊರೆದರೂ ಬರೀ ದೂಳು ಏಳುತ್ತಿತ್ತು.

"ಬೆಂಗ್ಳೂರೋರು ಮಿಂದ ನೀರು ಕಣ್ ಪಾಪಕ್ಕ, ನಮ್ಗೆ ತೀರ್ಥ," ಎಂದು ನಗುತ್ತಲೇ ಅವರು ಬಂಡೆ ಇಳಿದರು. ಪಾಪಕ್ಕನಿಗೆ ಅವರ ಪರಿಚಯ ಇವತ್ತಿನದಲ್ಲ. ಅವರ ಹೊಲದಲ್ಲಿ ಇಲಿ ಬಿಲ ಅಗೆದು, ರಾಗಿ ಕುಯ್ದು ಬೆಳೆದವಳು.

ನಂದಕುಮಾರ್ ಕೈಯಲ್ಲಿ ಅಚ್ಚು ಹಾಕಿಸಿದ ಕಾಗದವಿತ್ತು. ಒಂದೊಂದೇ ಪ್ರಶ್ನೆ ಓದಿ ಉತ್ತರ ಬರೆದುಕೊಳ್ಳುತ್ತಿದ್ದ.

"ಅಮ್ಮಾ, ಈ ಗುಂಡೀಲಿ ಮೀನಿದ್ಯಾ?"

"ಮೀನೆಲ್ಲಿಂದ ಬರ್ಬೇಕು ಸ್ವಾಮಿ? ಬರೀ ಕಪ್ಪೆ."

"ನಿಮ್ಮೋರು ಯಾರೂ ಇಲ್ಲಿ ಮೀನು ಹಿಡಿಯಲ್ವಾ?"

"ಬಿಡ್ತು ಅನ್ನಿ! ಈ ನೀರ್ಗೆ ನಾವು ಬಲೆ ಇಳ್ಸೋದಿಲ್ಲ. ನಮ್ಮವ್ವನ ಕಾಲ್ದಾಗೂ ಇಳ್ಸಿಲ್ಲ."

ಚಿಕ್ಕವೆಂಕಟಪ್ಪ ಅರಿಶಿನದ ಕಲ್ಲುಗಳ ಕಡೆ ನೋಡಿ, "ಹಂಗಾರೆ ಕಪ್ಪೆಗೆ ಕುಂಕುಮ ಇಟ್ಟು ಪೂಜೆ ಮಾಡ್ತೀರೇನಮ್ಮಿ?" ಎಂದರು.

"ಗಣೇಶನ ಹಬ್ಬದಾಗೆ ನಿಮ್ಮನೇಲಿ ಇಲಿಗೆ ಪೂಜೆ ಆಯ್ತದಲ್ಲ ಗೌಡ್ರೆ, ಹಂಗೇಯ."

ನಂದಕುಮಾರನೂ ನಕ್ಕ. ನಗುತ್ತಲೇ ಬರೆದುಕೊಂಡ. ಕಾಗದದ ತುದಿಯಲ್ಲಿ ಪಾಪಕ್ಕ ಎಡಗೈ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಅವನು ಚಿಕ್ಕವೆಂಕಟಪ್ಪನವರ ಜೊತೆ ನಿಂತು, ಕಟ್ಟೆ ಮೇಲೋ ಕೆಳಗೋ ಎಂದು ಏನೇನೋ ಮಾತಾಡಿದ. ಪಾಪಕ್ಕ ಆ ಕಡೆ ಕಿವಿ ಕೊಡಲಿಲ್ಲ. ಅವಳಿಗೆ ಬೇಕಾಗಿದ್ದುದು ಅವರು ಮಡುವಿನ ಹತ್ತಿರದಿಂದ ಹೋಗುವುದು. ಅವರು ಹೋದರು.

ಹಾಗಾದರೆ ಮಡುವಿನಲ್ಲಿ ಏನಿತ್ತು?

ಕೆಂಬಾಲ ಇತ್ತು. ಅಂಗೈ ಉದ್ದದ, ಮೈಯೆಲ್ಲ ತೆಳು ಬೆಳ್ಳಿಯ, ಬಾಲದ ತುದಿ ಮಾತ್ರ ವೀಳ್ಯ ಹಾಕಿದ ತುಟಿಯಂತೆ ಕೆಂಪಾದ ಮೀನು. ಪಾಪಕ್ಕನ ಅಜ್ಜಿಯ ಕಾಲದಲ್ಲಿ ಅದು ಸುತ್ತಿನ ಎಲ್ಲ ಹಳ್ಳಗಳಲ್ಲೂ ಇತ್ತಂತೆ. ಹಳ್ಳಗಳು ಬತ್ತಿದವು, ಮರಳು ಲಾರಿ ಹತ್ತಿತು, ಕೆರೆಗಳಿಗೆ ಹೊರಗಿನ ಮೀನು ಬಂತು. ಕೊನೆಗೆ ಉಳಿದದ್ದು ಈ ಮಡುವಿನಲ್ಲಿ. ಬೇಸಿಗೆಯೆಲ್ಲ ಬಂಡೆಯ ಸೀಳಿನೊಳಗೆ ಅಡಗಿದ್ದು, ಮೊದಲ ಕೆಂಪು ನೀರು ಬಂದ ದಿನ ಹೊರಬಿದ್ದು, ಎದುರು ನೀರಿಗೆ ಹಾರಿ ಹಾರಿ ಬೆಟ್ಟದ ಬುಡದ ತೊರೆಗಳಿಗೆ ಹತ್ತುತ್ತಿತ್ತು. ಅಲ್ಲಿ ಮೊಟ್ಟೆ. ಮರಿಗಳು ಇಳಿದು ಗದ್ದೆಯ ಬದುವಿನ ಕಾಲುವೆಗಳಿಗೆಲ್ಲ ಹರಡುತ್ತಿದ್ದವು. ಹಟ್ಟಿಯವರು ಆಗ ಬಿದಿರು ಕೂಳಿಯನ್ನು ಕಾಲುವೆಯ ಬಾಯಿಗೆ ಒಡ್ಡುತ್ತಿದ್ದರು. ಅಗಲ ಬಾಯಿಯ, ಹಿಂದಕ್ಕೆ ಹೋಗುತ್ತ ಚೂಪಾಗುವ ಬುಟ್ಟಿ ಅದು. ಒಳಗೆ ಹೋದ ಮೀನಿಗೆ ತಿರುಗಲು ಜಾಗವಿರುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಹಟ್ಟಿಯ ಸಾರಿಗೆ ಅದೇ ಮೀನು. ಬಸುರಿಗೆ, ಬಾಣಂತಿಗೆ, ಜ್ವರ ಬಿಟ್ಟವರಿಗೆ ಅದೇ. ಒಣಗಿಸಿಟ್ಟರೆ ಸಂಕ್ರಾಂತಿಯವರೆಗೆ.

ಕಾಲುವೆಯ ಮೀನು ಮಕ್ಕಳದು, ಮಡುವಿನ ಮೀನು ಅಕ್ಕಯ್ಯಗಳದು. ಇಷ್ಟೇ ಕಟ್ಟಳೆ. ಶಿವರಾತ್ರಿಯಿಂದ ಮೊದಲ ಕೆಂಪು ನೀರಿನವರೆಗೆ ಮಡುವಿಗೆ ಬಲೆಯಿರಲಿ, ಕೈ ತೊಳೆಯಲು ಕೈಯನ್ನೂ ಅದ್ದಬಾರದು.

ಇನ್ನೊಂದು ಕಟ್ಟಳೆಯನ್ನು ಪಾಪಕ್ಕನ ತಾಯಿ ತಾನೇ ಸೇರಿಸಿದ್ದಳು. ಪಾಪಕ್ಕ ಹತ್ತು ವರ್ಷದವಳಾಗಿದ್ದಾಗ ಹೊರಗಿನವರು ನಾಲ್ಕು ಜನ ಬಂದು, ಮೀನಿದೆಯೇ ಎಂದು ನಯವಾಗಿ ಕೇಳಿದ್ದರು. ತಾಯಿ ಹೆಮ್ಮೆಯಿಂದ, "ಇದಾವೆ ಸ್ವಾಮಿ, ಬೇಕಾದಂಗವೆ" ಎಂದಿದ್ದಳು. ಮಾರನೆಯ ದಿನ ಅವರು ಬಂಡೆಯೊಡೆಯುವ ಮದ್ದು ತಂದು ಮಡುವಿಗೆ ಎಸೆದರು. ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲಿದ ಮೀನನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಹೋದರು. ಮಡು ಮತ್ತೆ ಮೊದಲಿನಂತಾಗಲು ಏಳು ಮಳೆಗಾಲ ಹಿಡಿಯಿತು. ತಾಯಿ ಸಾಯುವ ಮುಂಚೆ ಪಾಪಕ್ಕನ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಯಾರ್ ಕೇಳಿದ್ರೂ ಬರೀ ಕಪ್ಪೆ ಅನ್ನು ಮಗ. ಪೊಲೀಸ್ನೋನು ಕೇಳಿದ್ರೂ, ಅಯ್ನೋರು ಕೇಳಿದ್ರೂ."

ಹೀಗಾಗಿ ಪಾಪಕ್ಕ ಹೇಳಿದ ಎರಡು ಮಾತಿನಲ್ಲಿ ಒಂದು ತಾಯಿಗೆ ಕೊಟ್ಟ ಮಾತು, ಇನ್ನೊಂದು ನಿಜ. ಮಡುವಿಗೆ ಅವರು ಬಲೆ ಇಳಿಸುತ್ತಿರಲಿಲ್ಲ. ಕಾಲುವೆಯ ವಿಷಯ ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಒಂದು ವರ್ಷ ಕಳೆದು ಏಪ್ರಿಲ್ ತಿಂಗಳಲ್ಲಿ ಪಂಚಾಯಿತಿಯ ಗೋಡೆಗೆ ಒಂದು ತಿಳಿವಳಿಕೆ ಪತ್ರ ಅಂಟಿತು. ಪಾಪಕ್ಕನ ಮಗಳು ವಾಣಿ ಅರಿಶಿನಕುಂಟೆಯ ಹೆದ್ದಾರಿ ಪಕ್ಕದ ಗೋಡೌನಿನಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಹೋಗುತ್ತಾಳೆ. ಬಸ್ಸಿಳಿದು ಬರುವಾಗ ಅದನ್ನು ನೋಡಿ, ಮೊಬೈಲಿನಲ್ಲಿ ಫೋಟೊ ಹಿಡಿದುಕೊಂಡು ಬಂದಳು. ಮನೆಯಲ್ಲಿ ಕೂತು ಓದಿ ಹೇಳುವಾಗ ಅವಳ ದನಿ ಬರಬರುತ್ತ ಸಣ್ಣದಾಯಿತು.

"ಕೇಳವ್ವ. 'ಸದರಿ ಮಡುವಿನಲ್ಲಿ ಮೀನು ಸಂತತಿ ಇರುವುದಿಲ್ಲ. ಸ್ಥಳೀಯ ಬುಡಕಟ್ಟು ಕುಟುಂಬಗಳು ಮೀನುಗಾರಿಕೆಯನ್ನು ಅವಲಂಬಿಸಿರುವುದಿಲ್ಲ. ಆದ್ದರಿಂದ ಕಟ್ಟೆಯ ಸ್ಥಳವನ್ನು ಮೇಲ್ಭಾಗಕ್ಕೆ ಬದಲಾಯಿಸಿ ಮಡುವನ್ನು ಆಳ ಮಾಡಲು ತೀರ್ಮಾನಿಸಲಾಗಿದೆ.' ಕೆಳಗೆ ನಿನ್ ಹೆಸ್ರೈತೆ. ನಿನ್ ಹೆಬ್ಬೆಟ್ಟೈತೆ."

"ಬದಲಾಯಿಸಿ ಅಂದ್ರೆ? ಮೊದ್ಲು ಎಲ್ಲಿತ್ತು?"

"ಎರಡು ಫರ್ಲಾಂಗು ಕೆಳ್ಗಂತೆ. ಗೌಡ್ರ ಮಾವಿನ ತೋಪಿನ್ ಹತ್ರ."

ಪಾಪಕ್ಕ ಮೊಬೈಲು ತೆಗೆದುಕೊಂಡು ತನ್ನ ಹೆಬ್ಬೆಟ್ಟಿನ ಗುರುತು ನೋಡಿದಳು. ಬೆಟ್ಟ, ಹಳ್ಳ, ಹುಲ್ಲುಗಾವಲಿನ ಮೇಲೆ ಹಟ್ಟಿಗೆ ಹಕ್ಕು ಬೇಕೆಂದು ಹಾಕಿದ್ದ ಅರ್ಜಿಯಲ್ಲೂ 'ಮೀನುಗಾರಿಕೆ' ಎಂಬ ಸಾಲಿಗೆ ಅಡ್ಡಗೀಟು ಬಿದ್ದಿತ್ತು. ಅದಕ್ಕೆ ಆಧಾರವಾಗಿದ್ದುದೂ ಅವಳ ಹೆಬ್ಬೆಟ್ಟೇ.

ವಾಣಿ ಸುಮ್ಮನೆ ಕೂರುವವಳಲ್ಲ. ಯಾರ ಯಾರನ್ನೋ ಕೇಳಿ, ಮೀನಿನ ವಿಷಯ ಓದಿಕೊಂಡ ಕಾಲೇಜು ಮೇಷ್ಟರಮ್ಮ ಸ್ನೇಹ ಎಂಬುವರನ್ನು ಕರೆದುಕೊಂಡು ಬಂದಳು. ಸ್ನೇಹ ಮಡುವಿನ ಬಂಡೆಯ ಮೇಲೆ ಮುಕ್ಕಾಲು ಗಂಟೆ ಅಲ್ಲಾಡದೆ ಕೂತರು. ನೆರಳು ಸರಿದಾಗ ಒಂದು ಕೆಂಪು ಬಾಲ ಮಿಂಚಿ ಮರೆಯಾಯಿತು. ಆ ಹೆಂಗಸು ಕೈಯಿಂದ ಬಾಯಿ ಮುಚ್ಚಿಕೊಂಡರು.

"ಪಾಪಕ್ಕ, ಇದು ಎಲ್ಲೂ ಉಳಿದೇ ಇಲ್ಲ ಅಂತಲೇ ನಾವು ಅಂದ್ಕೊಂಡಿದ್ವಿ. ಅಳಿದು ಹೋಗ್ತಿರೋ ಮೀನಿನ ಪಟ್ಟೀಲಿದೆ. ತಾಲ್ಲೂಕು ಕಚೇರಿಯಲ್ಲಿ ಇನ್ನು ಹನ್ನೆರಡು ದಿನಕ್ಕೆ ಅಹವಾಲು ಕೇಳ್ತಾರೆ. ನಾನು ಕಟ್ಟೆ ಬೇಡ ಅನ್ನಲ್ಲ. ಕೆಳಗೆ ಕಟ್ಟಲಿ, ಮಡು ಬಿಡಲಿ, ನಿಮ್ಮ ಕಾಲುವೆ ಹಕ್ಕನ್ನ ಬರೆದು ಕೊಡಲಿ. ಮೂರೂ ಆಗತ್ತೆ. ಆದ್ರೆ ಕೈಯಲ್ಲಿ ಮೀನು ಬೇಕು. ಒಂದೇ ಒಂದು. ಹಿಡಿದು, ಅಳತೆ ಮಾಡಿ, ಫೋಟೊ ತೆಗೆದು ವಾಪಸ್ ಬಿಟ್ಬಿಡ್ತೀನಿ."

"ಈಗ?" ಎಂದಳು ಪಾಪಕ್ಕ.

"ಈಗಲೇ."

"ಈಗ ಆಗಾಕಿಲ್ಲ ತಾಯಿ. ಕೆಂಪು ನೀರು ಬಂದಿಲ್ಲ."

ವಾಣಿಗೆ ಸಿಟ್ಟು ನೆತ್ತಿಗೇರಿತು. "ಅವ್ವ, ಮಡುನೇ ಹೋಗೋವಾಗ ಎಂಥ ಕಟ್ಟಳೆ?"

"ಕಟ್ಟಳೆ ಇದ್ದಿದ್ಕೇ ಕಣೇ ಮಡು ಉಳ್ದಿರೋದು."

ಮೇಷ್ಟರಮ್ಮ ಅಳತೆಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡರು. ಇನ್ನೆಲ್ಲ ಹಳ್ಳಗಳಲ್ಲಿ ಹೋದ ಮೀನು ಇಲ್ಲಿ ಉಳಿದದ್ದು ಈ ಹೆಂಗಸರ ಹಟದಿಂದಲೇ ಎನ್ನುವುದು ಅವರಿಗೂ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಪಾಪಕ್ಕ ತಲೆಗೆ ನೀರು ಹಾಕಿಕೊಂಡು ಅಕ್ಕಯ್ಯಗಳ ಹತ್ತಿರ ಹೂ ಕೇಳಲು ಹೋದಳು. ಒದ್ದೆ ಕಲ್ಲಿಗೆ ಎರಡು ಕಣಗಿಲೆ ಹೂ ಅಂಟಿಸಿ ಕೂತರೆ, ಬಲಕ್ಕೆ ಬಿದ್ದರೆ ಸರಿ, ಎಡಕ್ಕೆ ಬಿದ್ದರೆ ಬೇಡ. ಬಿಸಿಲೇರುವವರೆಗೆ ಕೂತಳು. ಹೂ ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಅಂಟಿದಲ್ಲೇ ಬಾಡಿತು. ಕಾದಿರು ಅಂತ ಅಪ್ಪಣೆ ಎಂದುಕೊಂಡಳು ಪಾಪಕ್ಕ. ಹನ್ನೆರಡು ದಿನವಿದೆ. ಕೃತ್ತಿಕೆ ಮಳೆ ಹುಯ್ಯದ ವರ್ಷ ಯಾವುದು? ಒಂದು ಹದ ಮಳೆ ಬಂದು ಕೆಂಪು ನೀರು ಇಳಿದರೆ ಕೂಳಿಯಲ್ಲಿ ಒಂದಲ್ಲ, ನೂರು ಮೀನು ಹಿಡಿದು ಮೇಷ್ಟರಮ್ಮನ ಮಡಿಲಿಗೆ ಹಾಕಬಹುದು.

ಆ ವರ್ಷ ಭರಣಿ ಬರಿದಾಗಿ ಹೋಗಿತ್ತು. ಕೃತ್ತಿಕೆಯೂ ಮೋಡ ತೋರಿಸಿ ಹೋಯಿತು. ತ್ಯಾಮಗೊಂಡ್ಲು ಕಡೆ ಮಿಂಚಿತು, ಸಿಡಿಲು ಬಡಿಯಿತು, ಇತ್ತ ಒಂದು ಹನಿ ಇಲ್ಲ. ಪಾಪಕ್ಕ ದಿನವೂ ಬಂಡೆಯ ಮೇಲೆ ನಿಂತು ಬೆಟ್ಟದ ತಲೆ ನೋಡುತ್ತಿದ್ದಳು. ಹನ್ನೊಂದನೆಯ ದಿನ ವಾಣಿ, "ಅವ್ವ, ನಾನ್ ಇಳೀಲಾ? ಪಾಪ ನಂಗಿರ್ಲಿ," ಎಂದಳು. ಪಾಪಕ್ಕ ಅವಳ ಮುಖ ನೋಡಿ ತಲೆಯಾಡಿಸಿಬಿಟ್ಟಳು, ಬೇಡವೆಂದು. ಈಗಲೂ ಆ ತಲೆಯಾಡಿಸಿದ್ದನ್ನು ನೆನೆದರೆ ಅವಳಿಗೆ ಅನ್ನ ಸೇರುವುದಿಲ್ಲ.

ಅಹವಾಲಿನ ದಿನ ತಾಲ್ಲೂಕು ಕಚೇರಿಯ ಸಭಾಂಗಣ ಕಿಕ್ಕಿರಿದಿತ್ತು. ಒಂಬತ್ತು ಊರಿನವರು ಬಂದಿದ್ದರು. ಖಾಲಿ ಕೊಡ ಹಿಡಿದ ಹೆಂಗಸರೂ ಇದ್ದರು. ಅವರನ್ನು ನೋಡಿದಾಗ ಪಾಪಕ್ಕನಿಗೆ ಜಗಳವಾಡುವ ಮನಸ್ಸೇ ಬರಲಿಲ್ಲ. ಆ ಕೊಡ ಅವಳೂ ಹೊತ್ತವಳು. ಸ್ನೇಹ ತಾವು ಕಂಡದ್ದನ್ನು ಹೇಳಿದರು. ಅಧಿಕಾರಿ ಸಾವಧಾನವಾಗಿಯೇ ಕೇಳಿಸಿಕೊಂಡು, "ಬಾಲ ಕಂಡೆ ಅಂತೀರಿ. ಮಾದರಿ ಇದೆಯಾ ಮೇಡಂ?" ಎಂದರು. ಮಾದರಿ ಇರಲಿಲ್ಲ. ಪಾಪಕ್ಕನನ್ನು ಮುಂದಕ್ಕೆ ಕರೆದರು.

"ಇದಾವೆ ಸ್ವಾಮಿ ಮೀನು. ನಮ್ ಮಕ್ಳು ಬೆಳ್ದಿದ್ದೇ ಅದ್ರಾಗೆ."

ಅಧಿಕಾರಿ ಕಡತ ತಿರುವಿದರು. "ಅಮ್ಮಾ, ಹೋದ ವರ್ಷ ಬರೀ ಕಪ್ಪೆ ಅಂದೋರು ನೀವೇ ತಾನೆ?"

"ನಾನೇಯ."

"ಆಗ ಹೇಳಿದ್ದು ಸುಳ್ಳಾ, ಈಗ ಹೇಳ್ತಿರೋದು ಸುಳ್ಳಾ?"

ಸಭೆಯಲ್ಲಿ ಯಾರೋ ನಕ್ಕರು. "ಪರಿಹಾರದ ದುಡ್ಡು ಬರತ್ತೆ ಅಂದ್ರೆ ಕಪ್ಪೆನೂ ಮೀನಾಗತ್ತೆ ಗುರು" ಎಂದು ಇನ್ನೊಬ್ಬ ಕೂಗಿದ. ಪಾಪಕ್ಕನಿಗೆ ತಾಯಿಯ ವಿಷಯ, ಮದ್ದು ಎಸೆದವರ ವಿಷಯ, ಅಕ್ಕಯ್ಯಗಳ ವಿಷಯ ಎಲ್ಲ ಒಟ್ಟಿಗೆ ನೆನಪಿಗೆ ಬಂತು. ಯಾವುದರಿಂದ ಶುರುಮಾಡುವುದೋ ತಿಳಿಯಲಿಲ್ಲ. ಮಡುವಿನ ಪಕ್ಕ ಕೂತು ಹೇಳಿದ್ದರೆ ನೆಟ್ಟಗೆ ಹೇಳುತ್ತಿದ್ದಳೇನೋ. ಮೈಕಿನ ಮುಂದೆ ಆಗಲಿಲ್ಲ.

ಹೊರಗೆ ಬೇವಿನ ಮರದಡಿ ಚಿಕ್ಕವೆಂಕಟಪ್ಪ ಅವಳ ಹತ್ತಿರ ಬಂದು ನಿಂತರು. ಅವರ ಮುಖದಲ್ಲಿ ನಗುವಿರಲಿಲ್ಲ.

"ನಂಗೊಬ್ಬನಿಗಾದ್ರೂ ಹೇಳ್ಬಾರ್ದಿತ್ತಾ ಪಾಪಕ್ಕ? ನಿಮ್ಮನೆ ಮೀನ್ಸಾರು ನಾನು ಉಂಡಿಲ್ವಾ? ಅವು ಎಲ್ಲಿಂದ ಬರ್ತಾವೆ ಅಂತ ಒಂದ್ ದಿನಾನೂ ಯೋಚ್ನೆ ಮಾಡ್ಲಿಲ್ಲ ನಾನು."

"ನಿಮ್ ತೋಪು ಉಳೀತಲ್ಲ ಬಿಡಿ ಗೌಡ್ರೆ."

ಚುಚ್ಚಬೇಕೆಂದು ಅಂದದ್ದಲ್ಲ. ಆದರೂ ಚುಚ್ಚಿತು. ಕಟ್ಟೆ ಮೇಲಕ್ಕೆ ಹೋದಾಗ ತೋಪು ಉಳಿಯಿತೆಂದು ಒಳಗೊಳಗೇ ಹಿಗ್ಗಿದವರು ಅವರು. ತಲೆ ತಗ್ಗಿಸಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ನಂದಕುಮಾರನೂ ಬಂದ. "ಅಮ್ಮಾ, ನಾನು ಇನ್ನೊಂದ್ ಸಲ ಬರಬೇಕಿತ್ತು. ಮಳೇಲಿ ಬರಬೇಕಿತ್ತು," ಎಂದ. "ಫಾರಮ್ಮಲ್ಲಿ ಮಡು ಅಂತ ಇತ್ತು, ಮಡು ಕೇಳ್ದೆ. ಕಾಲುವೆ ಅಂತ ಇರಲಿಲ್ಲ."

ಮೃಗಶಿರಾ ಮಳೆ ಹುಯ್ಯಿತು. ಅಹವಾಲಾಗಿ ಮೂರು ವಾರಕ್ಕೆ ಹಳ್ಳದಲ್ಲಿ ಕೆಂಪು ನೀರು ಮೊರೆಯುತ್ತ ಇಳಿಯಿತು. ಅದೇ ದಿನ ಕೂಳಿಯಲ್ಲಿ ಸಿಕ್ಕ ಹದಿನೇಳು ಕೆಂಬಾಲಗಳನ್ನು ಬಿಂದಿಗೆಯಲ್ಲಿ ಬಿಟ್ಟುಕೊಂಡು, ಅದರ ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಪಾಪಕ್ಕ ಮೂರು ಬಸ್ಸು ಬದಲಾಯಿಸಿ ನೀರಿನ ಯೋಜನೆಯ ಕಚೇರಿಗೆ ಹೋದಳು. ನಂದಕುಮಾರ್ ಬಟ್ಟೆ ಬಿಚ್ಚಿ ಒಳಗೆ ಇಣುಕಿದ. ಆಮೇಲೆ ಕಪಾಟಿನಿಂದ ಕಡತ ತೆಗೆದು ತೋರಿಸಿದ. ಆದೇಶಕ್ಕೆ ಎಂಟು ದಿನದ ಹಿಂದೆ ಸಹಿಯಾಗಿತ್ತು. ಕೆಲಸ ಗುತ್ತಿಗೆದಾರನ ಕೈ ಸೇರಿತ್ತು.

ಸ್ನೇಹ ಕೈಬಿಡಲಿಲ್ಲ. ಆ ಹದಿನೇಳು ಮೀನಿನ ಫೋಟೊ, ಅಳತೆ ಎಲ್ಲ ಇಟ್ಟು ಎಲ್ಲೆಲ್ಲಿಗೋ ಬರೆದರು. ಆರು ತಿಂಗಳಿಗೆ ಎರಡು ಉತ್ತರ ಬಂದವು. ಒಂದು: ಕೆಲಸ ಶುರುಮಾಡುವ ಮುನ್ನ ಮೀನನ್ನು ಬೇರೆಡೆ ಸಾಗಿಸಲು ಅವಕಾಶ ಕೊಡತಕ್ಕದ್ದು. ಇನ್ನೊಂದು: ಕಟ್ಟೆಯ ಕೆಳಗಿನ ಕಾಲುವೆಗಳಲ್ಲಿ ಮಳೆಗಾಲದಲ್ಲಿ ಕೂಳಿ ಒಡ್ಡಿ ಮೀನು ಹಿಡಿಯುವ ಹಕ್ಕು ಕಲ್ಲುಗುಡ್ಡೆ ದೊಡ್ಡಿಯ ಇರುಳಿಗರದ್ದು. ವಾಣಿ ಆ ಎರಡನೆಯ ಕಾಗದಕ್ಕೆ ಪ್ಲಾಸ್ಟಿಕ್ ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದಳು. ಹಟ್ಟಿಯ ಹೆಸರು ಒಳ್ಳೆಯದಕ್ಕೆ ಸರ್ಕಾರದ ಕಾಗದದಲ್ಲಿ ಬಂದದ್ದು ಅದೇ ಮೊದಲು.

ಮೊದಲನೆಯ ಕಾಗದ ಮಾತ್ರ ಗುತ್ತಿಗೆದಾರನ ಮೇಸ್ತ್ರಿಗೆ ತಲುಪಿರಲಿಲ್ಲ. ಸಂಕ್ರಾಂತಿ ಕಳೆದ ಮೂರನೆಯ ದಿನ ಪಾಪಕ್ಕ ಸೌದೆಗೆ ಹೋಗಿದ್ದಳು. ಮೋಟಾರಿನ ಸದ್ದು ಕೇಳಿ ಹೊರೆ ಅಲ್ಲೇ ಎಸೆದು ಓಡಿ ಬಂದಳು. ಮೂರು ಕೊಳವೆಗಳು ಮಡುವನ್ನು ಹೀರಿ ಪಕ್ಕದ ಮರಳಿಗೆ ಕಾರುತ್ತಿದ್ದವು. ನೀರು ಮೊಣಕಾಲಿಗೆ ಇಳಿದಿತ್ತು. ತಳದ ಕೆಸರಿನಲ್ಲಿ ಬೆಳ್ಳಿಯ ಮೇಲೆ ಬೆಳ್ಳಿ ಹೊರಳಾಡುತ್ತಿತ್ತು. ಅಷ್ಟು ಮೀನಿದೆಯೆಂದು ಪಾಪಕ್ಕನಿಗೂ ಗೊತ್ತಿರಲಿಲ್ಲ. ಕೂಲಿಯವರು ನಗುತ್ತ ಸಿಮೆಂಟಿನ ಚೀಲಕ್ಕೆ ತುಂಬುತ್ತಿದ್ದರು. "ಬಾಮ್ಮೋ, ನಿಂಗೂ ಸಾರ್ಗೆ ತಗೋ," ಎಂದ ಒಬ್ಬ. ಅವನದೇನು ತಪ್ಪು? ಮಡುವಿನಲ್ಲಿ ಮೀನಿಲ್ಲವೆಂದೇ ಅವನಿಗೆ ಹೇಳಿದ್ದರು. ಸಿಕ್ಕದ್ದು ಅವನ ಅದೃಷ್ಟ.

ಪಾಪಕ್ಕ ಅಕ್ಕಯ್ಯಗಳ ಕಡೆ ನೋಡಲಿಲ್ಲ. ಕಲ್ಲುಗಳನ್ನು ಆಗಲೇ ಕಿತ್ತು ಮೇಲೆ ಸಾಲಾಗಿ ಇಟ್ಟಿದ್ದರು. ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು. ಹಟ್ಟಿಯ ಹೆಂಗಸರೂ ಇಳಿದರು. ಬರಿಗೈಯಲ್ಲಿ ಬಾಚಿ ಬಾಚಿ, ಬದುಕಿದ್ದನ್ನು ನೀರಿನ ಡ್ರಮ್ಮಿಗೆ ಹಾಕಿದರು. ಬದುಕಿದ್ದವು ಬಹಳ ಇರಲಿಲ್ಲ. ಸುದ್ದಿ ಕೇಳಿ ಚಿಕ್ಕವೆಂಕಟಪ್ಪ ಟ್ರ್ಯಾಕ್ಟರು ತಂದರು. ಅವರ ತೋಪಿನ ಅಂಚಿನಲ್ಲಿ ತಾತನ ಕಾಲದಲ್ಲಿ ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಪಿಲೆ ಬಾವಿ ಇದೆ. ಅದರ ಒರತೆ ಸತ್ತು ಎಷ್ಟೋ ಕಾಲವಾಯಿತು. ದೂರದ ಕೊಳವೆಬಾವಿಯಿಂದ ಆಗಾಗ ಸಿಗುವ ನೀರನ್ನು ಅವರು ಅದಕ್ಕೇ ತುಂಬಿಟ್ಟುಕೊಳ್ಳುತ್ತಿದ್ದರು. ತೋಪಿಗೆ ಒಂದು ಸರದಿ ಕಡಿಮೆ ಮಾಡಿ ಬಾವಿಯನ್ನು ಮೀನಿಗೆ ಬಿಟ್ಟರು. ಸ್ನೇಹ ಬರುವ ಹೊತ್ತಿಗೆ ಒಳಗೆ ಅರವತ್ತಮೂರು ಕೆಂಬಾಲ ಇದ್ದವು.

"ಹರಿಯೋ ನೀರಿಲ್ದೆ ಇವು ಮೊಟ್ಟೆ ಇಡಲ್ಲ," ಎಂದರು ಸ್ನೇಹ, ಬಾವಿಯೊಳಗೆ ನೋಡುತ್ತ.

"ಗೊತ್ತು ತಾಯಿ."

"ಮಡು ಥರದ ಜಾಗ ಇನ್ನೊಂದು ಸಿಗೋವರೆಗೂ ಇರಲಿ. ನಾನು ಹುಡುಕ್ತಿದೀನಿ."

ಅವರು ಈಗಲೂ ಹುಡುಕುತ್ತಿದ್ದಾರೆ.

ಕಟ್ಟೆ ಎದ್ದಿತು. ನೀರು ಬಂತು. ಅದನ್ನು ಕೆಟ್ಟದೆಂದು ಪಾಪಕ್ಕ ಯಾವತ್ತೂ ಅನ್ನಲಿಲ್ಲ. ಬಗ್ಗಿ ಮೂಸಿ ನೋಡಿ, "ಸೋಪಿನ ವಾಸ್ನೆ ಐತೆ. ಆದ್ರೂ ನೀರು," ಎಂದಳು. ಒಂಬತ್ತು ಊರಿನ ಕೆರೆಗಳು ತುಂಬಿದವು. ಸತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಎದ್ದಿತು. ಕೊಡ ಹಿಡಿದು ಬಂದಿದ್ದ ಹೆಂಗಸರು ಬೀದಿಯಲ್ಲಿ ಸಿಕ್ಕರೆ ಅವಳನ್ನು ಕರೆದು ಮಾತಾಡಿಸುತ್ತಾರೆ. ಕಟ್ಟೆಯಲ್ಲಿ ಮೀನು ಸಾಕಲು ಗುತ್ತಿಗೆ ಹಿಡಿದವರು ಜಿಲೇಬಿ ಮೀನಿನ ಮರಿ ಬಿಟ್ಟರು. ಏನು ಸಿಕ್ಕಿದರೂ ನುಂಗಿ, ಎಲ್ಲಿ ಬೇಕಾದರಲ್ಲಿ ಮರಿ ಮಾಡುವ ಜಾತಿ. ಮಳೆಗಾಲದಲ್ಲಿ ಹಕ್ಕಿನ ಕಾಗದದ ಪ್ರಕಾರ ಹಟ್ಟಿಯವರು ಕಾಲುವೆಗೆ ಕೂಳಿ ಒಡ್ಡಿದರೆ ಅದೇ ಬೀಳುತ್ತದೆ. ತಿನ್ನುತ್ತಾರೆ. ಬಾಣಂತಿಯರಿಗೆ ಕೊಡುವುದಿಲ್ಲ.

ಪಾಪಕ್ಕ ದಿನಾ ಎರಡು ಹೊತ್ತು ಬಾವಿಗೆ ಹೋಗುತ್ತಾಳೆ. ರಾಗಿ ಹಿಟ್ಟಿನ ಉಂಡೆ ಮುರಿದು ಹಾಕುತ್ತಾಳೆ. ಮೊದಲ ವರ್ಷದ ಮಳೆಯಲ್ಲಿ ಮೀನು ಸುಮ್ಮನಿದ್ದವು. ಕೆಸರಿನ ಗಾಯ ಇನ್ನೂ ಮಾಯ್ದಿರಲಿಲ್ಲ.

ಈ ವರ್ಷ ರೋಹಿಣಿ ಮಳೆ ಚೆನ್ನಾಗಿ ಹಿಡಿಯಿತು. ಮಧ್ಯಾಹ್ನ ಒಂದು ಗಂಟೆ ಬಿಡದೆ ಹುಯ್ದು, ತೋಪಿನ ನೀರೆಲ್ಲ ಬದು ಹಾಯ್ದು, ಹಿಂದೆ ಬಾವಿಯ ನೀರು ತೋಪಿಗೆ ಹರಿಯುತ್ತಿದ್ದ ಕಲ್ಲಿನ ದೋಣಿಯಿಂದ ಒಳಗೆ ಧುಮುಕತೊಡಗಿತು. ಕೆಂಪು ನೀರು. ಪಾಪಕ್ಕ ಗೋಣಿಚೀಲ ತಲೆಗೆ ಹಾಕಿಕೊಂಡು ಬಂದು ಬಾವಿಯ ಅಂಚಿಗೆ ಕೂತು ಇಣುಕಿದಳು. ಬಾವಿಯ ಅಷ್ಟೂ ಮೀನು ಆ ಧಾರೆಯ ಕೆಳಗೆ ಒಟ್ಟಾಗಿದ್ದವು. ಮೊಟ್ಟೆ ತುಂಬಿ ಹೊಟ್ಟೆ ಉಬ್ಬಿದ್ದವು. ಒಂದರ ಹಿಂದೆ ಒಂದು ಮೇಲಕ್ಕೆ ಹಾರಿ, ಕಲ್ಲಿಗೆ ಬಡಿದು, ಬಿದ್ದು, ಮತ್ತೆ ಹಾರುತ್ತಿದ್ದವು.

ಚಿಕ್ಕವೆಂಕಟಪ್ಪ ಛತ್ರಿ ಹಿಡಿದು ಓಡಿ ಬಂದರು. "ಏನಾಯ್ತು ಪಾಪಕ್ಕ? ರೋಗ ಬಡ್ಕಂತಾ?"

"ರೋಗ ಅಲ್ಲ ಗೌಡ್ರೆ. ಹಳ್ಳ ಕೇಳ್ತಾವೆ."

ಅವರು ಹಳ್ಳದ ಕಡೆ ಕೈ ತೋರಿಸಿದರು. "ಕಾಲುವೆ ತೋಡಿಸ್ಲಾ? ಹಳ್ಳ ಇಲ್ಲೇ ಐತೆ, ನೂರು ಮಾರು. ಜೆಸಿಬಿ ಕರ್ಸಿದ್ರೆ ಬೆಳಗಾಗೋದ್ರಾಗೆ ಆಯ್ತದೆ."

"ಇಲ್ಲಿಂದ ಹತ್ತಿದ್ರೆ ಸೀದಾ ಕಟ್ಟೆಗೋಡೆಗೆ ಹೋಗಿ ಬಡ್ಕೋತಾವೆ. ಇಳಿದ್ರೆ ಕೆರೆ. ಎಲ್ಲಾ ಕಡೆ ಜಿಲೇಬಿ ಬಾಯ್ ತೆರ್ಕಂಡು ಕೂತೈತೆ."

"ಮತ್ತೆ?"

"ಈ ಕೆಂಪು ನೀರು ನಿಲ್ಲಿಸ್ಬೇಕು," ಎಂದು ಪಾಪಕ್ಕ ಎದ್ದು ಬದುವಿನ ಹತ್ತಿರ ಹೋಗಿ ಒಂದು ಚಪ್ಪಡಿ ಕಲ್ಲು ಎತ್ತಲು ನೋಡಿದಳು. ಒಬ್ಬಳ ಕೈಯಲ್ಲಿ ಆಗಲಿಲ್ಲ. ಚಿಕ್ಕವೆಂಕಟಪ್ಪ ಛತ್ರಿ ಕೆಳಗಿಟ್ಟು ಇನ್ನೊಂದು ತುದಿ ಹಿಡಿದರು. ಇಬ್ಬರೂ ಸೇರಿ ಅದನ್ನು ತಂದು ದೋಣಿಯ ಬಾಯಿಗೆ ಅಡ್ಡ ಇಟ್ಟರು. ಸಂದಿನಲ್ಲಿ ನೀರು ಇನ್ನೂ ಜಿನುಗುತ್ತಿತ್ತು. ಪಾಪಕ್ಕ ಮಂಡಿಯೂರಿ ಕೂತು ಒದ್ದೆ ಮಣ್ಣನ್ನು ಹಿಡಿ ಹಿಡಿಯಾಗಿ ಮೆತ್ತಿದಳು. ಧಾರೆ ಸಣ್ಣದಾಯಿತು, ಹನಿಯಾಯಿತು, ನಿಂತಿತು.

"ತಪ್ಪಾಯ್ತು ಕಣ್ರವ್ವ," ಎಂದಳು. ಅಂದದ್ದು ಮೀನಿಗೋ ಅಕ್ಕಯ್ಯಗಳಿಗೋ ಚಿಕ್ಕವೆಂಕಟಪ್ಪನವರಿಗೆ ತಿಳಿಯಲಿಲ್ಲ.

ಮೀನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಸುತ್ತಿದವು, ನೀರು ಮತ್ತೆ ಬಂದೀತೆಂಬಂತೆ. ಆಮೇಲೆ ಎರಡು ಮೂರಾಗಿ ತಳಕ್ಕೆ ಇಳಿದವು. ಕೊನೆಯದು ಇಳಿಯುವವರೆಗೂ ಪಾಪಕ್ಕ ಮಳೆಯಲ್ಲೇ ಕೂತಿದ್ದಳು.